ಸಕ್ಕರೆ ಆರತಿಗೆ ಬೆಲ್ಲ ಒಗ್ಗುತ್ತಾ?

ಪಲ್ಲವಿ: (ಫಾರ್ವರ್ಡ್ ಆದ ವಿಡಿಯೊ: ‘ಗೌರಿ ಹುಣ್ಣಿಮೆಗೆ ಬೆಲ್ಲದ ಆರತಿ, ಸಿಲಿಕಾನ್ ಅಚ್ಚಲ್ಲಿ’)
ಸಕ್ಕರೆ ಪಾಕ ಅಚ್ಚಿಗೆ ಸುರಿದು ತೇರು, ಒಂಟೆ, ಬಸವಣ್ಣನ ಗೊಂಬೆ ಮಾಡ್ತೀವಲ್ಲ, ಆ ಸಕ್ಕರೆ ಆರತಿ ಬದಲು ಈ ಸಲ ಹುಡುಗ್ರಿಗೆ ಇದನ್ನೇ ಮಾಡೋಣ. ಬಿಳಿ ಸಕ್ಕರೆನೂ ಬೇಡ, ಬಣ್ಣನೂ ಬೇಡ.

ಹರಿಹರ ಅತ್ತೆ: ಬೆಲ್ಲದ ಪಾಕ ಸಕ್ಕರೆ ಹಂಗೆ ಹರಳುಗಟ್ಟಲ್ಲ ಕಣೆ. ಗಟ್ಟಿಯಾದ್ರೂ ತೇವ ಎಳ್ಕೊಂಡು ಬೆವರ್ತೈತೆ. ತೇರಿನ ಕಳಸ, ಒಂಟೆ ಕಾಲು ಮೊದ್ಲು ಹೋಗ್ತಾವೆ. ವಿಡಿಯೊದಾಗೆ ಸಂಜೆ ಹೊತ್ತಿಗೆ ಹೆಂಗಿತ್ತು ಅಂತ ತೋರ್ಸೇ ಇಲ್ಲ ನೋಡು.

ಮಂಡಿಪೇಟೆ ಮಾವ: ಬೆಲ್ಲದಾಗೂ ಬಹುಪಾಲು ಸಕ್ಕರೆನೇ ಇರೋದು. ಆರೋಗ್ಯದ ಲೆಕ್ಕ ಅಲ್ಲಿಗೇ ಮುಗೀತು.

ಪಲ್ಲವಿ: ಹೋಗ್ಲಿ ಮಾವ, ಸಕ್ಕರೆ ಪಾಕಕ್ಕೆ ನಿಂಬೆಹಣ್ಣು ಹಿಂಡಿದ್ರೆ ಬೆಳ್ಳಗೆ ಬರುತ್ತಂತಲ್ಲ?

ಮಂಡಿಪೇಟೆ ಮಾವ: ಅದು ಜಾಮೂನಿಗೆ. ಹುಳಿ ಜಾಸ್ತಿ ಬಿದ್ರೆ ಪಾಕ ಹರಳುಗಟ್ಟಲ್ಲ. ಜಾಮೂನಿಗೆ ಅದೇ ಬೇಕು, ಆರತಿಗೆ ಅದೇ ಕೇಡು. 1 ಕೆಜಿ ಸಕ್ಕರೆಗೆ ಅರ್ಧ ಲೀಟರ್ ನೀರು, ಕುದಿ ಬಂದಾಗ 2 ಚಮಚ ಹಾಲು ಹಾಕು. ಹಾಲು ಒಡೆದು ಕೊಳೆನೆಲ್ಲ ಹಿಡ್ಕೊಂಡು ಮೇಲೆ ಬರ್ತೈತೆ. ಬಟ್ಟೇಲಿ ಸೋಸು.

ಹರಿಹರ ಅತ್ತೆ: ಸೋಸಿದ್ದನ್ನೆಲ್ಲ ಒಟ್ಟಿಗೆ ಕಾಸಬ್ಯಾಡ, ಸಣ್ಣ ಪಾತ್ರೇಲಿ ಎರಡೆರಡು ಸೌಟು ಸಾಕು. ಎಳೆ ಪಾಕ ದಾಟಿ ಗಟ್ಟಿ ಆಗ್ತಾ ಬಂದ್ರೆ ಇಳಿಸಿ, ಸೌಟಿನ ಬೆನ್ನಿಂದ ಪಾತ್ರೆ ಬದಿಗೆ ತಿಕ್ಕು. ಪಾಕ ಮಬ್ಬಾಗಿ ಬೆಳ್ಳಗಾದ ತಕ್ಷಣ ಸುರೀಬೇಕು. ಮುಂಚೆ ಸುರಿದ್ರೆ ಅಚ್ಚಿಗೆ ಅಂಟು, ತಡ ಆದ್ರೆ ಪಾತ್ರೇಲೇ ಪುಡಿ.

ಪಲ್ಲವಿ: ಅಚ್ಚು ಸಿಲಿಕಾನ್‌ದೇ ತರ್ಲಾ? ಬಿಡಿಸೋದು ಸುಲಭ.

ಹರಿಹರ ಅತ್ತೆ: ಅದರಾಗೆ ಒಂದೇ ಮಗ್ಗುಲು, ಹಿಂದೆ ಚಪ್ಪಟೆ. ತಟ್ಟೇಲಿ ನಿಲ್ಲಲ್ಲ. ಮರದ್ದು ಎರಡು ಹೋಳು. ಮೊದ್ಲೇ ನೀರಾಗೆ ನೆನೆಸಿ, ಒರೆಸಿ, ದಾರ ಬಿಗಿ. ಒಣ ಮರ ಪಾಕ ಕುಡೀತೈತೆ, ಆಮೇಲೆ ಬಸವಣ್ಣನ ಕೊಂಬು ಅಚ್ಚಾಗೇ ಉಳೀತೈತೆ.

ಪಲ್ಲವಿ: ಬಣ್ಣದ ವಿಷಯಕ್ಕೆ ಮಾತ್ರ ನಾನು ಒಪ್ಪಲ್ಲ. 2024ರ ಮಾರ್ಚಲ್ಲಿ ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಅನ್ನೋ ಕೃತಕ ಗುಲಾಬಿ ಬಣ್ಣ ಹಾಕಬಾರದು ಅಂತ ಸರ್ಕಾರನೇ ಹೇಳ್ತು. ಪೇಟೆ ಆರತಿಲಿ ಯಾವ ಗುಲಾಬಿ ಬಣ್ಣ ಇರುತ್ತೋ ಯಾರಿಗ್ಗೊತ್ತು?

ಮಂಡಿಪೇಟೆ ಮಾವ: ಅದು ಸರಿ. ಬಿಳಿದೇ ಮಾಡ್ರಿ. ಹಳದಿ ಬೇಕಂದ್ರೆ ಕೇಸರಿ ಎಸಳು ಸಾಕು. ಬೀಟ್ರೂಟ್ ರಸ ಬ್ಯಾಡ, ನೀರಂಶ ಜಾಸ್ತಿ ಆಗಿ ಪಾಕ ಇಳೀತೈತೆ, ಕಾಸಿದಷ್ಟೂ ಬಣ್ಣ ಕಂದು.

ಹರಿಹರ ಅತ್ತೆ: ಆರತಿ ಬೆಳಗಿದ ಮೇಲೆ ಹುಡುಗ್ರ ಕೈಗೆ ಒಂದೊಂದು ಕೊಟ್ಟು ಮಿಕ್ಕಿದ್ದು ಡಬ್ಬಿಗೆ ಹಾಕು. ಕುಟ್ಟಿ ಚಾಕ್ಕೋ ಪಾಯಸಕ್ಕೋ ಬಳಸಬಹುದು. ಈಗ ಹೇಳ್ರಿ, ಮರದ ಅಚ್ಚು ಯಾರ ಮನೇಲೈತೆ?