ಕಾಸ್ಟಿಕ್ ಹೆಚ್ಚಿರುವ ಕ್ಲೀನರ್‌ನಲ್ಲಿ ಸರ್ಫ್ಯಾಕ್ಟಂಟ್ ಬೇರ್ಪಟ್ಟು ಮೇಲೆ ನಿಲ್ಲುತ್ತಿದೆ, ಏನು ಮಾಡಬೇಕು?

ಪ್ರಶ್ನೆ: ಜಿಡ್ಡು ತೆಗೆಯುವ ಲಿಕ್ವಿಡ್ ಮಾಡುತ್ತಿದ್ದೇವೆ. ತೂಕದ ಲೆಕ್ಕದಲ್ಲಿ ಕಾಸ್ಟಿಕ್ ಸೋಡಾ ಫ್ಲೇಕ್ಸ್ 15%, ಸರ್ಫ್ಯಾಕ್ಟಂಟ್ (ಜಿಡ್ಡನ್ನು ನೀರಿನೊಂದಿಗೆ ಬೆರೆಸುವ ವಸ್ತು) ಆಗಿ ನೋನೈಲ್‌ಫಿನಾಲ್ 9 ಮೋಲ್ ಎಥಾಕ್ಸಿಲೇಟ್ (ಅಣುವಿಗೆ ಸರಾಸರಿ 9 ಎಥಿಲೀನ್ ಆಕ್ಸೈಡ್ ಘಟಕ ಇರುವುದು) 4%, ಎಸ್‌ಎಲ್‌ಇಎಸ್ (ಸೋಡಿಯಂ ಲಾರೆಲ್ ಈಥರ್ ಸಲ್ಫೇಟ್) ಪೇಸ್ಟ್ 3%, ಉಳಿದದ್ದು ನೀರು. ಕಲಸುವಾಗಲೇ ಹಾಲಿನ ಹಾಗೆ ಆಗುತ್ತೆ, ಬೆಳಗಾಗುವಷ್ಟರಲ್ಲಿ ಮೇಲೆ ಹಳದಿ ಪದರ ಕಟ್ಟಿರುತ್ತೆ. ತಳದಲ್ಲೂ ಸ್ವಲ್ಪ ಬಿಳಿ ಗಸಿ ಇದೆ. ಸೋಡಿಯಂ ಜೈಲೀನ್ ಸಲ್ಫೊನೇಟ್, ಅಂದರೆ ಎಸ್‌ಎಕ್ಸ್‌ಎಸ್, 3% ಹಾಕಿ ನೋಡಿದೆವು, ಏನೂ ಆಗಲಿಲ್ಲ. ಸ್ಟರರ್ ವೇಗ ಹೆಚ್ಚಿಸಬೇಕಾ?

ಉತ್ತರ 1: ಸ್ಟರರ್ ಎಷ್ಟೇ ಜೋರಾಗಿ ತಿರುಗಿಸಿದರೂ ಇದು ಕೂಡುವುದಿಲ್ಲ. ಸಾಬೂನು ಮಾಡುವವರು ಉಪ್ಪು ಹಾಕಿ ಸಾಬೂನನ್ನು ನೀರಿನಿಂದ ಒಡೆದು ಮೇಲೆ ತರುತ್ತಾರಲ್ಲ, ನಿಮ್ಮ ಡ್ರಮ್‌ನಲ್ಲೂ ಅದೇ ನಡೆಯುತ್ತಿದೆ. ಉಪ್ಪಿನ ಜಾಗದಲ್ಲಿ ಕಾಸ್ಟಿಕ್ ಇದೆ, ಅಷ್ಟೇ. ಎಥಾಕ್ಸಿಲೇಟ್ ನೀರಿನಲ್ಲಿ ಕರಗಿ ನಿಲ್ಲುವುದು ಅದರ ಆಮ್ಲಜನಕಗಳಿಗೆ ನೀರಿನ ಅಣುಗಳು ಅಂಟಿಕೊಂಡಿರುವುದರಿಂದ. ಸೋಡಿಯಂ, ಹೈಡ್ರಾಕ್ಸೈಡ್ ಅಯಾನುಗಳು ಆ ನೀರನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಬರೀ ನೀರಿನಲ್ಲಿ 9 ಮೋಲ್‌ನ 1% ದ್ರಾವಣ 50 ಡಿಗ್ರಿ ದಾಟಿದ ಮೇಲೆ ಮಸುಕಾಗುತ್ತದೆ. ಕಾಸ್ಟಿಕ್ ಏರಿದಂತೆ ಈ ಮಸುಕಾಗುವ ಉಷ್ಣಾಂಶ, ಅಂದರೆ ಕ್ಲೌಡ್ ಪಾಯಿಂಟ್, ಇಳಿಯುತ್ತಾ ಬರುತ್ತದೆ, 15% ಹೊತ್ತಿಗೆ ಕೋಣೆಯ ಉಷ್ಣಾಂಶಕ್ಕಿಂತ ಕೆಳಗೆ ಹೋಗಿರುತ್ತದೆ.

ಮೊದಲು ಎರಡು ಪದರಗಳನ್ನು ಬೇರೆ ಬೇರೆ ಪರೀಕ್ಷಿಸಿ. ಗ್ಲೌಸ್, ಕನ್ನಡಕ ಹಾಕಿಕೊಂಡು ಮೇಲಿನ ಹಳದಿ ಪದರದಿಂದ ಒಂದು ಹನಿಯನ್ನು 50 ಮಿಲಿ ನೀರಿಗೆ ಬಿಟ್ಟು ಕುಲುಕಿ. ಅದು ಪೂರ್ತಿ ಕರಗಿ ದಟ್ಟ ನೊರೆ ಬಂದು, ಕೆಳಗಿನ ದ್ರಾವಣದ ಹನಿಯಿಂದ ನೊರೆ ಬರದಿದ್ದರೆ ನಿಮ್ಮ ಸರ್ಫ್ಯಾಕ್ಟಂಟ್ ಎಲ್ಲಾ ಮೇಲೆ ಕೂತಿದೆ ಎಂದರ್ಥ. ತಳದ ಬಿಳಿ ಗಸಿ ಬೇರೆ ಸಮಸ್ಯೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಷಾರದಲ್ಲಿ ಹೀಗೆ ಇಳಿಯುತ್ತವೆ. ಮೃದು ನೀರು ಬಳಸಿ, ಜೊತೆಗೆ 1% ಸೋಡಿಯಂ ಗ್ಲುಕೋನೇಟ್ ಹಾಕಿ. ಎಸ್‌ಎಕ್ಸ್‌ಎಸ್‌ನಂಥ ಹೈಡ್ರೋಟ್ರೋಪ್, ಅಂದರೆ ಸರ್ಫ್ಯಾಕ್ಟಂಟನ್ನು ನೀರಿನಲ್ಲಿ ಕರಗಿಸಿ ನಿಲ್ಲಿಸುವ ವಸ್ತು, ಎಷ್ಟು ಸುರಿದರೂ ಈ ಗಸಿ ಹೋಗದು.

ಇನ್ನು ಪಾಕ. ಎಸ್‌ಎಲ್‌ಇಎಸ್ ತೆಗೆದುಬಿಡಿ. ಇಷ್ಟು ಕ್ಷಾರದಲ್ಲಿ ಅದೂ ಹೊರಗೆ ಬೀಳುತ್ತದೆ, ನೊರೆಯ ಕಾಟ ಬೇರೆ. 9 ಮೋಲ್ ಬದಲು ಸಿ9–11 ಆಲ್ಕೋಹಾಲ್ (9ರಿಂದ 11 ಕಾರ್ಬನ್ ಸರಪಳಿಯದು) 6 ಮೋಲ್ ಎಥಾಕ್ಸಿಲೇಟ್ ತೆಗೆದುಕೊಳ್ಳಿ. ಸರಪಳಿ ಗಿಡ್ಡವಾದಷ್ಟೂ ಕರಗಿಸುವುದು ಸುಲಭ. ಹೈಡ್ರೋಟ್ರೋಪ್ ಆಗಿ ಹೆಕ್ಸೈಲ್ ಗ್ಲುಕೋಸೈಡ್ ಅಥವಾ 2-ಈಥೈಲ್‌ಹೆಕ್ಸೈಲ್ ಗ್ಲುಕೋಸೈಡ್. ಆಕ್ಟೈಲ್ ಇಮಿನೋಡೈಪ್ರೋಪಿಯೊನೇಟ್ ಕೂಡ ಇಂಥ ಗಟ್ಟಿ ಕ್ಷಾರ ತಡೆಯುತ್ತದೆ.

1 ಕಿಲೋ ಟ್ರಯಲ್‌ಗೆ: ನೀರು 750 ಗ್ರಾಂ, ಗ್ಲುಕೋನೇಟ್ 10, ಫ್ಲೇಕ್ಸ್ 150, 75% ಹೆಕ್ಸೈಲ್ ಗ್ಲುಕೋಸೈಡ್ 60, 6 ಮೋಲ್ ನಾನ್‌ಅಯಾನಿಕ್ (ಮೇಲೆ ಹೇಳಿದ ಎಥಾಕ್ಸಿಲೇಟ್) 30. ನೀರಿಗೆ ಗ್ಲುಕೋನೇಟ್, ಆಮೇಲೆ ಫ್ಲೇಕ್ಸ್ ಸ್ವಲ್ಪ ಸ್ವಲ್ಪವಾಗಿ. ಯಾವತ್ತೂ ಫ್ಲೇಕ್ಸ್ ಮೇಲೆ ನೀರು ಸುರಿಯಬೇಡಿ. ಈ ಪ್ರಮಾಣಕ್ಕೆ ಉಷ್ಣಾಂಶ ಇದ್ದದ್ದಕ್ಕಿಂತ 40–50 ಡಿಗ್ರಿ ಮೇಲೇರುತ್ತದೆ. ಸ್ಟೀಲ್ ಅಥವಾ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪಾತ್ರೆ ಇರಲಿ. ಅಲ್ಯೂಮಿನಿಯಂ ಬೇಡವೇ ಬೇಡ, ಕಾಸ್ಟಿಕ್ ಅದನ್ನು ತಿಂದು ಹೈಡ್ರೋಜನ್ ಬಿಡುತ್ತದೆ. 35 ಡಿಗ್ರಿಗೆ ಇಳಿದ ಮೇಲೆ, ಮೊದಲೇ ಬೆರೆಸಿಟ್ಟ ಗ್ಲುಕೋಸೈಡ್–ನಾನ್‌ಅಯಾನಿಕ್ ಮಿಶ್ರಣವನ್ನು ನಿಧಾನವಾಗಿ ಬಿಡಿ. ಬಿಸಿಯಲ್ಲೇ ಹಾಕಿದರೆ ಮಸುಕಾಗುತ್ತದೆ, ಬಣ್ಣವೂ ಕಂದಾಗುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಆದರೆ ಎಸ್‌ಎಕ್ಸ್‌ಎಸ್ ಮೇಲೆ ಪೂರ್ತಿ ತಪ್ಪು ಹೊರಿಸುವ ಮುನ್ನ ಒಂದು ಪ್ರಶ್ನೆ: ನೀವು ಹಾಕಿದ 3% ಪುಡಿಯಾ, ದ್ರಾವಣವಾ? ಮಾರುಕಟ್ಟೆಯ ದ್ರಾವಣ ಸಾಮಾನ್ಯವಾಗಿ 40% ಇರುತ್ತದೆ. ಹಾಗಿದ್ದರೆ ನಿಮ್ಮ ಬ್ಯಾಚ್‌ಗೆ ಸೇರಿದ್ದು 1.2% ಮಾತ್ರ. ಕಾಸ್ಟಿಕ್ 3–5% ಇರುವ ಕ್ಲೀನರ್‌ಗೆ ಎಸ್‌ಎಕ್ಸ್‌ಎಸ್ ಇವತ್ತಿಗೂ ಒಳ್ಳೆಯ ಆಯ್ಕೆ. ಆದರೆ ಅದೂ ಒಂದು ಲವಣವೇ. 15%ನಲ್ಲಿ ಅದಕ್ಕೇ ನಿಲ್ಲಲು ಜಾಗ ಸಾಲದು, ಇನ್ನೊಂದನ್ನು ಎಲ್ಲಿ ಹಿಡಿದು ನಿಲ್ಲಿಸೀತು?

60 ಗ್ರಾಂ ಎಂಬುದನ್ನು ಶುರುವಿನ ಅಂಕಿ ಎಂದಷ್ಟೇ ಇಟ್ಟುಕೊಳ್ಳಿ. ಸರಿಯಾದ ಅಳತೆ ಬೀಕರ್ ಹೇಳುತ್ತದೆ. ಕ್ಷಾರ, ನಾನ್‌ಅಯಾನಿಕ್ ಎರಡೂ ಇರುವ ಮಸುಕು ದ್ರಾವಣ 100 ಗ್ರಾಂ ತೆಗೆದು, ಕೆಳಗೆ ಅಚ್ಚಾದ ಕಾಗದ ಇಡಿ, ತೂಕದ ಮೇಲೆ ಗ್ಲುಕೋಸೈಡ್ ಹನಿ ಹನಿಯಾಗಿ ಬಿಡುತ್ತಾ ಕಲಕಿ. ಮೊದಲು ಹಾಲು, ಆಮೇಲೆ ನೀಲಿ ಛಾಯೆಯ ಮಬ್ಬು, ಕೊನೆಗೆ ಅಕ್ಷರ ಥಟ್ಟನೆ ಸ್ಪಷ್ಟ. ಅಷ್ಟರ ಮೇಲೆ 20% ಹೆಚ್ಚು ಸೇರಿಸಿ. ಆಮೇಲೆ ಟೆಸ್ಟ್ ಟ್ಯೂಬ್‌ನಲ್ಲಿ ಥರ್ಮಾಮೀಟರ್ ಇಟ್ಟು ನೀರಿನ ಸ್ನಾನದಲ್ಲಿ ನಿಧಾನವಾಗಿ ಬಿಸಿ ಮಾಡಿ. 50 ಡಿಗ್ರಿವರೆಗೆ ತಿಳಿಯಾಗಿದ್ದರೆ ಗೋದಾಮಿನ ಬೇಸಿಗೆ ತಡೆಯುತ್ತದೆ. 5, 25, 50 ಡಿಗ್ರಿಗಳಲ್ಲಿ ಒಂದೊಂದು ಬಾಟಲಿ 7 ದಿನ ಇಟ್ಟು ನೋಡದೆ ದೊಡ್ಡ ಬ್ಯಾಚ್‌ಗೆ ಕೈ ಹಾಕಬೇಡಿ.

ಪ್ರಶ್ನೆ: ಎಸ್‌ಎಕ್ಸ್‌ಎಸ್ ದ್ರಾವಣವೇ ಹಾಕಿದ್ದು ಸರ್, ಲೆಕ್ಕ ತಪ್ಪಿದ್ದು ಈಗ ಗೊತ್ತಾಯ್ತು. ಇನ್ನೆರಡು ಸಂಶಯ. ಕಾಸ್ಟಿಕ್ ಸೋಡಾ ಬಿಟ್ಟು ಕಾಸ್ಟಿಕ್ ಪೊಟ್ಯಾಶ್‌ಗೆ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಬದಲಾದರೆ ಹೈಡ್ರೋಟ್ರೋಪ್ ಕಡಿಮೆ ಸಾಕಾಗುತ್ತದಾ? ಬಳಸುವವರು ನೀರು ಬೆರೆಸಿ 5% ಮಾಡಿ, 60 ಡಿಗ್ರಿಗೆ ಬಿಸಿ ಮಾಡಿ ಸ್ಪ್ರೇ ಮೆಷಿನ್‌ಗೆ ಹಾಕುತ್ತಾರೆ. ಆಗ ಮಸುಕಾದರೆ?

ಉತ್ತರ 1: ಪೊಟ್ಯಾಶ್‌ನಿಂದ ಸಾಬೂನು, ಸಿಲಿಕೇಟ್ ಇರುವ ಪಾಕಕ್ಕೆ ಲಾಭ ಹೆಚ್ಚು. ಎಥಾಕ್ಸಿಲೇಟ್‌ಗೆ ಅಂಥ ದೊಡ್ಡ ವ್ಯತ್ಯಾಸ ಕಾಣದು. ಅಷ್ಟೇ ಕ್ಷಾರಕ್ಕೆ 1.4 ಪಟ್ಟು ತೂಕ ಬೇಕು: 150 ಗ್ರಾಂ ಸೋಡಾ ಬದಲು ಶುದ್ಧ ಪೊಟ್ಯಾಶ್ 210 ಗ್ರಾಂ, 90% ಫ್ಲೇಕ್ಸ್ ಆದರೆ ಸುಮಾರು 233.

ಬಳಸುವಾಗಿನ ಮಸುಕಿಗೆ ಹೆದರಬೇಡಿ. 5% ದ್ರಾವಣದಲ್ಲಿ ಕಾಸ್ಟಿಕ್ 0.75% ಮಾತ್ರ, ಕ್ಲೌಡ್ ಪಾಯಿಂಟ್ ತಾನಾಗಿ ಮೇಲೇರುತ್ತದೆ. ಆ ಉಷ್ಣಾಂಶದಲ್ಲೂ ಮಸುಕಾದರೆ ಸ್ಪ್ರೇ ಮೆಷಿನ್‌ಗೆ ಒಳ್ಳೆಯದೇ, ನೊರೆ ಕಡಿಮೆಯಾಗುತ್ತದೆ. ಪಂಪ್ ಚಲಿಸುತ್ತಿರುವಾಗ ಪದರ ಕಟ್ಟಲು ಅವಕಾಶವೂ ಇಲ್ಲ. ಡ್ರಮ್‌ನಲ್ಲಿ ಮಾತ್ರ ಬೇರ್ಪಡಬಾರದು. ಅಲ್ಲಿ ತಳದ ನಲ್ಲಿಯಿಂದ ಮೊದಲು ಬರೀ ಕಾಸ್ಟಿಕ್ ಹೋಗುತ್ತದೆ, ಕೊನೆಯ ಬಕೆಟ್‌ನಲ್ಲಿ ಸರ್ಫ್ಯಾಕ್ಟಂಟ್ ಎಲ್ಲಾ ಒಟ್ಟಿಗೆ ಬರುತ್ತದೆ. ಥಿಕನರ್ ಹಾಕಿ ತೇಲಿಸಿಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಅದು ಬೇರ್ಪಡುವುದನ್ನು ಮುಂದೂಡುತ್ತದೆ ಅಷ್ಟೇ.

ಪ್ರಶ್ನೆ: ಈಗಾಗಲೇ ಒಡೆದಿರುವ 200 ಲೀಟರ್ ಚೆಲ್ಲಬೇಕಾ?

ಉತ್ತರ 2: ಬೇಡ. ಪದರ ಒಡೆದಿದೆ, ಸಾಮಾನು ಕೆಟ್ಟಿಲ್ಲ. ಇಡೀ ಡ್ರಮ್ ಚೆನ್ನಾಗಿ ಕಲಕಿ, ನಿಲ್ಲುವ ಮೊದಲೇ 1 ಕಿಲೋ ಸ್ಯಾಂಪಲ್ ತೆಗೆದು ಮೇಲಿನ ಬೀಕರ್ ಪರೀಕ್ಷೆ ಮಾಡಿ. ಎಸ್‌ಎಲ್‌ಇಎಸ್ ಒಳಗೇ ಇರುವುದರಿಂದ ಗ್ಲುಕೋಸೈಡ್ ಹೆಚ್ಚು ಹಿಡಿಯುತ್ತದೆ. 100 ಗ್ರಾಂಗೆ 12 ಗ್ರಾಂ ಹಾಕಿದರೂ ತಿಳಿಯಾಗದಿದ್ದರೆ ಅಲ್ಲಿಗೆ ನಿಲ್ಲಿಸಿ, ಹೊಸ ಪಾಕದ ಪ್ರತಿ ಬ್ಯಾಚ್‌ಗೆ 5% ಹಳೆಯದನ್ನು ಸೇರಿಸಿ ಖಾಲಿ ಮಾಡಿ. ಸೇರಿಸುವ ಮೊದಲು ತಳದ ಬಿಳಿ ಗಸಿಯನ್ನು ಕೂರಲು ಬಿಟ್ಟು ತೆಗೆದುಬಿಡಿ.