ಟ್ರ್ಯಾಕ್ಟರ್ ಗಾಲಿ ಲೆಕ್ಕ: 22/7 ಹಾಕಿದರೆ ಒಂದು ಉತ್ತರ, 3.14 ಹಾಕಿದರೆ ಇನ್ನೊಂದು. ಯಾಕೆ?

ಸಿಂಧನೂರು ಅಮ್ಮ:

ನಮಸ್ಕಾರ. ಮಗಳು ಏಳನೇ ತರಗತಿ. ನಿನ್ನೆ ರಾತ್ರಿ ಒಂದು ಲೆಕ್ಕದ ವಿಷಯಕ್ಕೆ ಮನೆಯಲ್ಲಿ ದೊಡ್ಡ ವಾದವೇ ಆಯಿತು. ಲೆಕ್ಕ ಇದು: ಟ್ರ್ಯಾಕ್ಟರಿನ ಮುಂದಿನ ಗಾಲಿಯ ವ್ಯಾಸ 75 ಸೆಂ.ಮೀ., ಹಿಂದಿನದರ ವ್ಯಾಸ 135 ಸೆಂ.ಮೀ. ಮುಂದಿನ ಗಾಲಿ 900 ಸುತ್ತು ಸುತ್ತಿದರೆ ಹಿಂದಿನ ಗಾಲಿ ಎಷ್ಟು ಸುತ್ತು ಸುತ್ತುತ್ತದೆ?

ಇವಳು 22/7 ಹಾಕಿದಳು. ಪರಿಧಿ ಮುಂದಿನದಕ್ಕೆ 235.7, ಹಿಂದಿನದಕ್ಕೆ 424.3 ಬಂತು. ಮೊದಲನೆಯದನ್ನು 900ರಿಂದ ಗುಣಿಸಿ, ಎರಡನೆಯದರಿಂದ ಭಾಗಿಸಿದರೆ 499.95. ಪುಸ್ತಕದ ಹಿಂದೆ 500 ಅಂತಿದೆ. ಅವರಪ್ಪ "3.14 ಹಾಕಿ ನೋಡು" ಅಂದರು. ಹಾಕಿದಳು, ಸರಿಯಾಗಿ 500 ಬಂತು. ಈಗ 22/7 ಅನ್ನೋದೇ ಸುಳ್ಳು ಅಂತ ಕೂತಿದ್ದಾಳೆ. ಅಲ್ಲ ಅನ್ನೋಕೆ ನನ್ನ ಹತ್ತಿರ ಕಾರಣ ಇಲ್ಲ. ಯಾರಾದ್ರೂ ಹೇಳ್ತೀರಾ?

ಸೈಕಲ್‌ಶಾಪ್ ಮೇಷ್ಟ್ರು:

ಅಮ್ಮಾ, 22/7 ಪಾಪ, ಅದರದೇನೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ 3.14ಕ್ಕಿಂತ ಅದೇ ಪೈಗೆ ಹತ್ತಿರ. ಪೈ ಅಂದರೆ 3.14159… 22/7 ಅಂದರೆ 3.14285… ವ್ಯತ್ಯಾಸ ಕಳೆದು ನೋಡಲಿ, ಅವಳಿಗೇ ಗೊತ್ತಾಗುತ್ತೆ. (ಆರ್ಯಭಟ ಕ್ರಿ.ಶ. 499ರಲ್ಲೇ 3.1416 ಅಂತ ಲೆಕ್ಕ ಕೊಟ್ಟಿದ್ದ. ಅದರ ಮುಂದೆ ಇವೆರಡೂ ಸಪ್ಪೆ.)

ಎಡವಟ್ಟು ಆಗಿದ್ದು ನಡುವೆ. 235.714 ಇದ್ದದ್ದನ್ನು 235.7 ಮಾಡಿದಳು, ಅಂದರೆ ಸ್ವಲ್ಪ ಕತ್ತರಿಸಿದಳು. 424.2857 ಇದ್ದದ್ದನ್ನು 424.3 ಮಾಡಿದಳು, ಅಂದರೆ ಸ್ವಲ್ಪ ಸೇರಿಸಿದಳು. ಒಂದು ಇಳೀತು, ಇನ್ನೊಂದು ಏರಿತು. 3.14 ಹಾಕಿದಾಗ 235.5, 423.9 ಅಂತ ಸರಿಯಾಗಿ ನಿಲ್ಲುತ್ತೆ, ಕತ್ತರಿಸೋಕೆ ಏನೂ ಉಳಿಯಲ್ಲ. ಅಷ್ಟೇ ವಿಷಯ.

ಆದರೆ ಈ ಲೆಕ್ಕಕ್ಕೆ ಪೈ ಬೇಕೇ ಇಲ್ಲ. ಎರಡೂ ಗಾಲಿ ಓಡಿದ್ದು ಒಂದೇ ರಸ್ತೆ ಅಲ್ವಾ? ಹಾಗಾಗಿ ಹೀಗೆ ಬರೆಯಿಸಿ:

π × 75 × 900 = π × 135 × ಸುತ್ತು

ಎರಡೂ ಕಡೆಯ π ಹೊಡೆದುಹಾಕಿ. 67500ನ್ನು 135ರಿಂದ ಭಾಗಿಸಿದರೆ 500. ಮಕ್ಕಳಿಗೆ ಕೈ ಸುಮ್ನೆ ಇರಲ್ಲ, π ಕಂಡ ತಕ್ಷಣ ಗುಣಿಸಿಬಿಡ್ತಾರೆ. ಕೊನೆಯವರೆಗೂ ಹಾಗೇ ಇಟ್ಟುಕೊಂಡು ಹೋಗೋದನ್ನ ಕಲಿಸಿ.

ನಮ್ಮಪ್ಪನದು ಸೈಕಲ್ ಅಂಗಡಿ. ಮನೆಪಾಠಕ್ಕೆ ಬರೋ ಮಕ್ಕಳಿಗೆ ನಾನು ಮೊದಲು ಸೂತ್ರ ಹೇಳಲ್ಲ. ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಅದು ನೆಲಕ್ಕೆ ತಾಗಿದ ಜಾಗದಲ್ಲಿ ಇನ್ನೊಂದು ಗೆರೆ ಎಳೆಯಿಸ್ತೀನಿ. ಗೆರೆ ಮತ್ತೆ ನೆಲ ಮುಟ್ಟುವವರೆಗೆ ಸೈಕಲ್ ತಳ್ಳಬೇಕು. 28 ಇಂಚಿನ ಹಳೇ ಸೈಕಲ್ಲಾದರೆ ಎರಡೂಕಾಲು ಮೀಟರ್‌ ಹತ್ತಿರ ಬರುತ್ತೆ. ಟೇಪ್ ಹಿಡಿದು ಅಳೆದ ಮೇಲೆ, ಒಂದು ಸುತ್ತು ಅಂದರೆ ಒಂದು ಪರಿಧಿಯಷ್ಟು ರಸ್ತೆ ಅನ್ನೋದನ್ನ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆಮೇಲೆ ಮಕ್ಕಳು ಜಾರೋದು ಒಂದೇ ಕಡೆ, ಸೆಂಟಿಮೀಟರು ಮೀಟರು. 84 ಸೆಂ.ಮೀ. ವ್ಯಾಸದ ಗಾಲಿ, 792 ಮೀಟರ್ ದೂರ, ಎಷ್ಟು ಸುತ್ತು? ಪರಿಧಿ 264 ಸೆಂ.ಮೀ. ಇಲ್ಲಿ 792ನ್ನು 264ರಿಂದ ಭಾಗಿಸಿ, 3 ಅಂತ ಖುಷಿಯಿಂದ ಬರೀತಾರೆ. ಶೇಷವೇ ಇಲ್ವಲ್ಲ, ಅನುಮಾನ ಹೇಗೆ ಬರುತ್ತೆ? ಮುಕ್ಕಾಲು ಕಿಲೋಮೀಟರಿಗಿಂತ ಜಾಸ್ತಿ ದೂರ ಮೂರೇ ಸುತ್ತಿಗೆ ಮುಗಿಯೋ ಗಾಲಿ ಎಷ್ಟು ದೊಡ್ಡದಿರಬೇಕು ಅಂತ ಕೇಳಿದರೆ ನಗ್ತಾರೆ. 79200ನ್ನು 264ರಿಂದ ಭಾಗಿಸಬೇಕು, 300 ಸುತ್ತು.

ಗದ್ದೆ ಡ್ರೈವರ್:

ಲೆಕ್ಕ ಸರಿ ಐತಿ ಸರ್, ಆದ್ರೆ ಡಾಂಬರು ರಸ್ತೆ ಮ್ಯಾಲ ಮಾತ್ರ. ಕೆಸರು ಗದ್ದೆಗೆ ಇಳಿಸಿ ನೋಡ್ರಿ. ಎಂಜಿನ್ ತಿರುಗಿಸೋದು ಹಿಂದಿನ ಗಾಲಿನ. ಅದು ನಿಂತಲ್ಲೇ ಜಾರಿ ಸುತ್ತತೈತಿ, ಮುಂದಿನದು ಸುಮ್ನೆ ಉರುಳ್ಕೊಂಡು ಬರತೈತಿ. ಮುಂದಿನದು 900 ಸುತ್ತೋದ್ರಾಗ ಹಿಂದಿನದು 500 ದಾಟಿರತೈತಿ.

ಸೈಕಲ್‌ಶಾಪ್ ಮೇಷ್ಟ್ರು:

ನೂರಕ್ಕೆ ನೂರು ನಿಜ. "ಜಾರದೆ ಉರುಳಿದರೆ" ಅನ್ನೋ ಮಾತನ್ನ ಪುಸ್ತಕದವರು ಬರೆಯದೇ ಬಿಟ್ಟಿರ್ತಾರೆ. ಹೊರೆ ಜಾಸ್ತಿಯಾಗಿ ಟೈರ್ ಕೂತರೂ ಒಂದು ಸುತ್ತಿಗೆ ಹೋಗೋ ದೂರ ಸ್ವಲ್ಪ ಕಡಿಮೆಯಾಗುತ್ತೆ.

ಸಿಂಧನೂರು ಅಮ್ಮ:

ಇಬ್ಬರಿಗೂ ಧನ್ಯವಾದ. π ಹೊಡೆದುಹಾಕಿದ್ದು ನೋಡಿ ಅವರಪ್ಪನಿಗೇ ಜಾಸ್ತಿ ಖುಷಿ. ಮಗಳದು ಈಗ ಬೇರೆ ಪ್ರಶ್ನೆ: ಸೈಕಲ್ಲಿನ ಎರಡೂ ಗಾಲಿ ಒಂದೇ ಅಳತೆ, ಹಾಗಾದ್ರೆ ಮನೆಯಿಂದ ಶಾಲೆಗೆ ಎರಡೂ ಅಷ್ಟಷ್ಟೇ ಸುತ್ತು ಸುತ್ತುತ್ತವಾ?

ಸೈಕಲ್‌ಶಾಪ್ ಮೇಷ್ಟ್ರು:

ನೇರ ರಸ್ತೆಯಲ್ಲಾದರೆ ಹೌದು. ತಿರುವಿನಲ್ಲಿ ಇಲ್ಲ! ಮುಂದಿನ ಗಾಲಿ ಹೊರಗಿಂದ ಬಳಸಿ ಹೋಗುತ್ತೆ, ಹಿಂದಿನದು ಒಳಗಿಂದ ಕತ್ತರಿಸಿಕೊಂಡು ಬರುತ್ತೆ. ಹಾಗಾಗಿ ಮುಂದಿನದರ ಸುತ್ತು ಸ್ವಲ್ಪ ಜಾಸ್ತಿ. ಟೈರಿಗೆ ನೀರು ಹಾಕಿ ಅಂಗಳದಲ್ಲಿ ಸಣ್ಣ ತಿರುವು ತಗೊಳ್ಳೋಕೆ ಹೇಳಿ, ಎರಡು ಬೇರೆ ಬೇರೆ ಗೆರೆ ಕಾಣುತ್ತೆ. ಯಾವುದು ಉದ್ದ ಅಂತ ದಾರ ಹಿಡಿದು ಅಳೆಯಲಿ.