ವಿಆರ್‌ಎಸ್ ಕಾಗದಕ್ಕೆ ಈಗಲೇ ಸಹಿ ಬೇಡ

ತಮ್ಮಾ, ಬೆಳಿಗ್ಗೆ ನೀನು ನಮ್ಮ ಗ್ರೂಪಿಗೆ ಹಾಕಿದ ಮೆಸೇಜ್ ನೋಡಿದೆ. ತಂಗಿಗೆ ನಿಮ್ಹಾನ್ಸ್‌ನಲ್ಲಿ ಆಲ್ಝೈಮರ್ಸ್, ಅದೇ ಮರೆವಿನ ಕಾಯಿಲೆ, ಅಂದಿದ್ದಾರೆ, ವಯಸ್ಸು ಇನ್ನೂ 52, ಶಾಲೆಯಲ್ಲಿ ‘ಸುಮ್ನೆ ವಿಆರ್‌ಎಸ್ ಬರೆದುಕೊಡಿ’, ಅಂದರೆ ತಾನಾಗಿ ನಿವೃತ್ತಿ ತಗೊಳ್ಳಿ, ಅನ್ನುತ್ತಿದ್ದಾರೆ, ಕೊಡೋಣವಾ ಅಂತ ಕೇಳಿದ್ದೀಯ. ಬೇಡ. ಸ್ವಲ್ಪ ಉದ್ದ ಮಾತಾಡುತ್ತೇನೆ, ಊಟ ಮುಗಿಸಿಯೇ ಕೇಳು.

ಅವಳದು ಸರ್ಕಾರಿ ಕೆಲಸ ಅಲ್ವಾ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, 20ನೇ ಸೆಕ್ಷನ್, ಅದರಲ್ಲಿ ನಾಲ್ಕನೇದು. ಬರೆದಿಟ್ಟುಕೋ. ಕೆಲಸದಲ್ಲಿರುವಾಗ ವೈಕಲ್ಯ ಬಂದರೆ ಸರ್ಕಾರಿ ನೌಕರರನ್ನು ತೆಗೆಯುವ ಹಾಗಿಲ್ಲ, ಕೆಳಗಿನ ದರ್ಜೆಗೆ ಇಳಿಸುವ ಹಾಗೂ ಇಲ್ಲ. ಪಾಠ ಮಾಡೋಕೆ ಆಗಲ್ಲ ಅಂದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಬೇರೆ ಹುದ್ದೆಯೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ತೋರಿಸಿ ನಿವೃತ್ತಿವರೆಗೂ ಇಟ್ಟುಕೊಳ್ಳಲು ಅವಕಾಶ ಇದೆ. ತಾನಾಗಿ ಬರೆದುಕೊಟ್ಟರೆ ಇದೆಲ್ಲ ಕೈಬಿಟ್ಟ ಹಾಗೆ. ನಮ್ಮ ಮನೆಯವರಿಗೂ ಇದೇ ಕಾಯಿಲೆ, ಆದರೆ ಅವರದು ಖಾಸಗಿ ಕೆಲಸ, ನಮಗೆ ಈ ದಾರಿಯೇ ಇರಲಿಲ್ಲ.

‘ಕಾಯ್ದೆಯ ವೈಕಲ್ಯಗಳ ಪಟ್ಟಿಯಲ್ಲಿ ಆಲ್ಝೈಮರ್ಸ್ ಹೆಸರೇ ಇಲ್ಲ’ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಹೆಸರಿಲ್ಲ, ನಿಜ. ಆದರೆ ಅದೇ ಕಾಯ್ದೆ ಮಾನಸಿಕ ಕಾಯಿಲೆ ಅಂದರೇನು ಅಂತ ಹೇಳುವಾಗ ನೆನಪು ಕೆಡುವುದನ್ನೂ ಸೇರಿಸಿದೆ. ವೈಕಲ್ಯ ಎಷ್ಟಿದೆ ಅಂತ ಅಳೆಯುವ ಐಡಿಯಾಸ್ ಅನ್ನೋ ಮಾಪನದಲ್ಲಿ ಡಿಮೆನ್ಷಿಯಾ ಬರುತ್ತೆ, ಆಲ್ಝೈಮರ್ಸ್ ಕೂಡ ಅದರಲ್ಲೇ ಒಂದು. ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಚೀಟಿ, ಅದರ ಅರ್ಜಿ ಆನ್‌ಲೈನ್‌ನಲ್ಲಿ ಹಾಕು, ನಿಮ್ಹಾನ್ಸ್ ಕಾಗದ ಹಿಡಿದು ರಾಯಚೂರಿನ ರಿಮ್ಸ್‌ನಲ್ಲಿ ವಿಚಾರಿಸು. ‘ಮಾನಸಿಕ’ ಅಂದ ತಕ್ಷಣ ಚಿಕ್ಕಮ್ಮ ಗಾಬರಿಯಾಗುತ್ತಾರೆ, ಅವರನ್ನು ನನಗೆ ಬಿಡು.

ಇನ್ನೊಂದು, ಪವರ್ ಆಫ್ ಅಟಾರ್ನಿ ಮಾಡಿಸಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಅವಳಿಗೆ ತಿಳುವಳಿಕೆ ಪೂರ್ತಿ ಹೋದ ಮೇಲೆ ಅದು ನಡೆಯಲ್ಲ. ಅದಕ್ಕೇ ಜಾಯಿಂಟ್ ಅಕೌಂಟ್, ನಾಮಿನಿ, ವಿಲ್ ಎಲ್ಲ ಅವಳು ತಿಳಿದು ಸಹಿ ಮಾಡುವಾಗಲೇ ಆಗಲಿ. ಚಿಕಿತ್ಸೆ ವಿಷಯದಲ್ಲಿ ತನ್ನ ಪರವಾಗಿ ಯಾರು ನಿಲ್ಲಬೇಕು ಅಂತಲೂ ಅವಳೇ ಬರೆದುಕೊಡಬಹುದು, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಬಿಳಿ ಹಾಳೆ ಮೇಲೆ ಬರೆದು ಸಹಿ ಹಾಕಿದರೆ ನಡೆಯುತ್ತೆ. ಅವಳು ನಿನ್ನನ್ನೇ ಬರೆಯಬೇಕು ಅಂತೇನಿಲ್ಲ, ಮಗಳನ್ನು ಬರೆದರೆ ಮುಖ ಊದಿಸಿಕೊಳ್ಳಬೇಡ.

ಬ್ಯಾಂಕಿಗೆ ಹೋದಾಗ ಹುಷಾರು. ನಮ್ಮವರು ಕೌಂಟರ್ ಮುಂದೆಯೇ ನಿಂತಿದ್ದರು. ಅಲ್ಲಿದ್ದವನು ಅವರ ತಲೆಯ ಮೇಲಿಂದ ನನ್ನನ್ನು ನೋಡಿ ‘ಇವರಿಗೆ ಸಹಿ ಮಾಡೋಕೆ ಬರುತ್ತಾ?’ ಅಂದ. ಇವರು ಪೆನ್ನಿನ ಕ್ಯಾಪ್ ತೆಗೆದು, ಚಲನ್ ತಮ್ಮ ಕಡೆ ಎಳೆದುಕೊಂಡು, ‘ನನ್ನನ್ನೇ ಕೇಳಪ್ಪಾ’ ಅಂದರು. ಸಹಿ ಸ್ವಲ್ಪ ಸೊಟ್ಟ ಬಂತು, ಅಷ್ಟೇ. ಆಸ್ಪತ್ರೆ, ಕಚೇರಿ ಎಲ್ಲಿ ಹೋದರೂ ಹೀಗೆ ಆಗುತ್ತೆ. ‘ಅವರನ್ನೇ ಕೇಳಿ’ ಅಂತ ನೀನು ಒಂದು ಹೆಜ್ಜೆ ಹಿಂದೆ ಸರಿದುಬಿಡು.

ಮಾವಾ, ನಿಮಗೂ ಒಂದು ಮಾತು. ‘ಅರವತ್ತಕ್ಕೆ ಅರಳು ಮರಳು ಅಂತಾರೆ, ಇವಳಿಗೆ ಈಗಲೇನಾ’ ಅಂತ ನಗುವ ಇಮೋಜಿ ಹಾಕಿದ್ದೀರಲ್ಲ, ಅದನ್ನು ಡಿಲೀಟ್ ಮಾಡಿ. ಅವಳೂ ಈ ಗ್ರೂಪಿನಲ್ಲೇ ಇದ್ದಾಳೆ. ಡಾಕ್ಟರ್ ಆಲ್ಝೈಮರ್ 1901ರಲ್ಲಿ ಜರ್ಮನಿಯಲ್ಲಿ ಈ ಕಾಯಿಲೆಯನ್ನು ಮೊದಲು ಕಂಡದ್ದು ಯಾವ ಮುದುಕಿಯಲ್ಲೂ ಅಲ್ಲ, ಆ ಹೆಂಗಸಿಗೂ 51 ವರ್ಷ.

ರಾತ್ರಿ ಹೊತ್ತು ತಲೆ ಕೆಟ್ಟರೆ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅನ್ನೋ ಸರ್ಕಾರಿ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನನಗೂ ಮಾಡು, ನಾನಂತೂ ಹೇಗೂ ಎಚ್ಚರ ಇರುತ್ತೇನೆ. ನಮ್ಮ ಹಾಗೇ ಇರುವ ಇನ್ನೆರಡು ಮನೆಯವರು ಭಾನುವಾರ ಇಲ್ಲಿಗೆ ಬರುತ್ತಾರೆ. ಸಿಂಧನೂರಿನಿಂದ ಬೆಳಿಗ್ಗೆ ಬಸ್ಸಿಗೆ ಇಬ್ಬರೂ ಬನ್ನಿ.

ತಂಗೀ, ನೀನೂ ಇದನ್ನು ಕೇಳುತ್ತಿದ್ದೀಯ ಅಂತ ಗೊತ್ತು. ಶಾಲೆಯಲ್ಲಿ ನಿನಗೆ ಇನ್ನೂ ಯಾವ ಕೆಲಸ ಆರಾಮಾಗಿ ಆಗುತ್ತೆ, ಯಾವುದು ಕಷ್ಟ, ನೆನಪಾದಾಗೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೋ. ಅರ್ಜಿಯಲ್ಲಿ ಅದನ್ನೇ ಬರೆಯೋಣ.